ಗೋಲ್ ಹೊಡೆದವರ ಹಿಂದೆ ನಿಂತವರು

ಶುಕ್ರವಾರ, 29 ಆಗಸ್ಟ್ 2025, ಶಿಡ್ಲಘಟ್ಟ

ಧ್ಯಾನ್ ಚಂದ್ ಹುಟ್ಟಿದ ದಿನವೇ ಬಿಹಾರದ ರಾಜ್‌ಗೀರ್‌ನಲ್ಲಿ ಹಾಕಿ ಏಷ್ಯಾ ಕಪ್ ಶುರುವಾಯಿತು. ಚೀನಾ ಮೇಲೆ ನಮಗೆ 4–3 ಗೆಲುವು. ಹರ್ಮನ್‌ಪ್ರೀತ್ ಮೂರು, ಜುಗರಾಜ್ ಒಂದು, ನಾಲ್ಕೂ ಪೆನಾಲ್ಟಿ ಕಾರ್ನರ್‌ನಿಂದಲೇ, ಅಂದರೆ ಗೋಲಿನ ಹತ್ತಿರ ಎದುರಾಳಿ ತಪ್ಪು ಮಾಡಿದಾಗ ಸಿಗುವ ಅವಕಾಶದಿಂದ. ಟಿವಿ ಆರಿಸಿದ್ದೇ ತಡ, ನಮ್ಮ ಮನೆಯವರ ಮಾಮೂಲಿ ಪ್ರಶ್ನೆ ಬಂತು: "ಈಗ ಹೇಳು, ಧ್ಯಾನ್ ಚಂದ್ ದೊಡ್ಡೋರಾ, ಹರ್ಮನ್‌ಪ್ರೀತಾ?"

"ಯಾವ ನೆಲ, ಯಾವ ರೂಲು ಅಂತ ಮೊದಲು ಹೇಳ್ರೀ. ಹೆಸರು ಆಮೇಲೆ" ಅಂದೆ.

ಬೀದಿಯಲ್ಲಿ ಮೂರನೇ ದಿನದ ಗಣೇಶನನ್ನು ಬಿಡುವ ತಮಟೆ ಸದ್ದು. ಅದರ ನಡುವೆಯೇ ವಾದ ನಡೆಯಿತು. ಇವರು ಒಂದೇ ಉಸಿರಿಗೆ ಲೆಕ್ಕ ಒಪ್ಪಿಸಿದರು. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಧ್ಯಾನ್ ಚಂದ್ 14 ಗೋಲು, 1936ರ ಬರ್ಲಿನ್ ಫೈನಲ್‌ನಲ್ಲಿ ಜರ್ಮನಿ ಮೇಲೆ 8–1, 1952ರ ಹೆಲ್ಸಿಂಕಿ ಫೈನಲ್‌ನಲ್ಲಿ ಬಲಬೀರ್ ಸಿಂಗ್ ಒಬ್ಬರೇ ಐದು. ಲೆಕ್ಕವೇನೋ ಸರಿ. ಆದರೆ ಅದು ಹುಲ್ಲಿನ ಮೇಲಿನ ಆಟ. 35 ನಿಮಿಷದ ಎರಡು ಅರ್ಧ, ಆಫ್‌ಸೈಡ್ (ಎದುರಾಳಿಗಳನ್ನು ದಾಟಿ ಮುಂದೆ ನಿಂತು ಚೆಂಡಿಗೆ ಕಾಯುವಂತಿಲ್ಲ ಅನ್ನೋ ರೂಲು) ಇತ್ತು, ಸುಸ್ತಾದವನನ್ನು ಕರೆದು ಇನ್ನೊಬ್ಬನನ್ನು ಇಳಿಸುವ ಹಾಗಿರಲಿಲ್ಲ. ಈಗ 15 ನಿಮಿಷದ ನಾಲ್ಕು ಭಾಗ, ಆಫ್‌ಸೈಡ್ ಇಲ್ಲ, ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡಬಹುದು.

ಹುಲ್ಲಿನಲ್ಲಿ ಚೆಂಡು ಎಲ್ಲಿ ಪುಟಿಯುತ್ತೆ ಅಂತ ಹೇಳಕ್ಕಾಗಲ್ಲ. ಹಾಗಾಗಿ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಹೋಗುವವನೇ ರಾಜ. ಸ್ಟಿಕ್ಕಿನ ಚಪ್ಪಟೆ ಮುಖ ಮಾತ್ರ ಚೆಂಡಿಗೆ ತಾಗಬೇಕು, ಉಬ್ಬಿದ ಬೆನ್ನು ತಾಗಿದರೆ ಫೌಲು. ಚೆಂಡನ್ನು ಎಡಕ್ಕೂ ಬಲಕ್ಕೂ ಆಡಿಸಬೇಕಾದರೆ ಪ್ರತಿ ಸಲ ಸ್ಟಿಕ್ಕನ್ನು ಮಗುಚಬೇಕು. ಮಗುಚುವ ಕೆಲಸ ಮೇಲಿನ ಎಡಗೈಯದು. ಕೆಳಗಿನ ಬಲಗೈ ಬಳೆಯ ಹಾಗೆ ಸಡಿಲವಾಗಿರಬೇಕು. ಹೊಸಬರು ಕೆಡಿಸಿಕೊಳ್ಳುವುದು ಇಲ್ಲೇ. ಬಲಗೈ ಬಿಗಿ ಹಿಡಿದರೆ ಸ್ಟಿಕ್ಕು ಅರ್ಧ ಮಾತ್ರ ತಿರುಗುತ್ತೆ, ಚೆಂಡು ಅಂಚಿಗೆ ತಾಗಿ ಪಕ್ಕಕ್ಕೆ ಹಾರುತ್ತೆ. ಚೆಂಡು ಆಡಿಸುವುದಕ್ಕೇ ಹೆಸರಾದ ನಮ್ಮ ಮೊಹಮ್ಮದ್ ಶಾಹಿದ್ ಆಡಿದ ಹಳೇ ವಿಡಿಯೊ ಸಿಕ್ಕರೆ ಕಾಲು ಬಿಟ್ಟು ಎಡ ಮಣಿಕಟ್ಟನ್ನೇ ನೋಡಬೇಕು.

ಈ ಕೈಚಳಕದ ಬೆಲೆ ಇಳಿದದ್ದು 1976ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ, ಹುಲ್ಲಿನ ಮೇಲೆ, ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿದ್ದೆವು. ನಾಯಕ ಅಜಿತ್‌ಪಾಲ್ ಸಿಂಗ್. ಗೆಲುವಿನ ಗೋಲು ಧ್ಯಾನ್ ಚಂದ್ ಮಗ ಅಶೋಕ್ ಕುಮಾರ್ ಅವರದು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಕೂಡ ಆ ತಂಡದಲ್ಲಿದ್ದರು. ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಮೊದಲ ಸಲ ಕೃತಕ ಟರ್ಫ್ ಹಾಸಿದರು. ಅದೇ ಅಜಿತ್‌ಪಾಲ್, ಅದೇ ಅಶೋಕ್ ಕುಮಾರ್, ಏಳನೇ ಸ್ಥಾನ. ಟರ್ಫ್ ಮೇಲೆ ಚೆಂಡು ನೇರ ಉರುಳುತ್ತೆ, ಜೋರಾಗಿ ಹೊಡೆದು ಓಡುವವನಿಗೆ ಲಾಭ. ಅದಕ್ಕೆ ಮ್ಯಾಚಿಗೆ ಮೊದಲು ನೀರು ಹಾಯಿಸಬೇಕು, ನಡುವೆ ಮತ್ತೆ ಹಾಯಿಸಬೇಕು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ನಮ್ಮ ಕಡೆ ಇದೆಲ್ಲ ಸುಮ್ಮನೆ ಮಾತಲ್ಲ.

ಸ್ಟಿಕ್ಕಿನ ಮಾತೂ ಬಂತು. ಹಳೆಯ ಸ್ಟಿಕ್ಕುಗಳು ಹಿಪ್ಪುನೇರಳೆ ಮರದವು. ಈ ಊರ ಸುತ್ತ ಎತ್ತ ನೋಡಿದರೂ ಅದೇ ತೋಟ, ಆದರೆ ಹುಳುವಿನ ಸೊಪ್ಪಿಗೆ ಅಂತ ಕತ್ತರಿಸುತ್ತಲೇ ಇರುವ ಕಡ್ಡಿಯಲ್ಲಿ ಸ್ಟಿಕ್ ಆಗಲ್ಲ, ದಪ್ಪ ಕಾಂಡದ ಮರ ಬೇಕು. ಹಬೆ ಕೊಟ್ಟರೆ ಸೀಳದೆ ಬಗ್ಗುವ ಗುಣ ಇರುವುದಕ್ಕೇ ಆ ಮರ. ಈಗ ಕಾರ್ಬನ್ ಫೈಬರ್. ತೂಕ 737 ಗ್ರಾಂ ಮೀರಬಾರದು, ಉದ್ದದಲ್ಲಿ ಬಿಲ್ಲಿನಂತಿರುವ ಬಾಗು 25 ಮಿಲಿಮೀಟರ್ ಮೀರಬಾರದು, ಆ ಬಾಗಿನ ತುತ್ತತುದಿ ಸ್ಟಿಕ್ಕಿನ ಬುಡದಿಂದ ಕನಿಷ್ಠ 200 ಮಿಲಿಮೀಟರ್ ಮೇಲಿರಬೇಕು. ಬಾಗು ಕೆಳಗಿದ್ದಷ್ಟೂ ಡ್ರ್ಯಾಗ್ ಫ್ಲಿಕ್ ಮಾಡುವವನಿಗೆ, ಅಂದರೆ ಚೆಂಡನ್ನು ಹೊಡೆಯದೆ ಎಳೆದು ಚಿಮ್ಮಿಸುವವನಿಗೆ, ಅನುಕೂಲ. ಅದಕ್ಕೇ ಈ ಕಡಿವಾಣ.

ಡ್ರ್ಯಾಗ್ ಫ್ಲಿಕ್ ಯಾಕೆ ಇಷ್ಟು ದೊಡ್ಡದಾಯಿತು ಅನ್ನೋದಕ್ಕೆ ಗೋಲಿನ ಹಿಂದಿನ ಹಲಗೆ ನೋಡಿದರೆ ಸಾಕು. ಅದರ ಎತ್ತರ 460 ಮಿಲಿಮೀಟರ್. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತ 'ಹಿಟ್' ಆಗಿದ್ದರೆ ಚೆಂಡು ಅಷ್ಟರ ಒಳಗೇ ಗೆರೆ ದಾಟಬೇಕು. ಎಳೆದು ಚಿಮ್ಮಿಸಿದ ಚೆಂಡಿಗೆ ಈ ಮಿತಿ ಇಲ್ಲ, 2.14 ಮೀಟರ್ ಎತ್ತರ, 3.66 ಮೀಟರ್ ಅಗಲ, ಪೂರ್ತಿ ಗೋಲು ಅವನದೇ. ಹಾಗಾಗಿಯೇ ಫುಲ್‌ಬ್ಯಾಕ್ ಜಾಗದವರು, ಹಿಂದೆ ನಿಂತು ಕಾಪಾಡುವವರು, ಗೋಲಿನ ಪಟ್ಟಿಯಲ್ಲಿ ಮೇಲೆ ಬಂದರು. ಹಿಂದೆ ನಮ್ಮ ವಿ.ಆರ್. ರಘುನಾಥ್, ಈಗ ಹರ್ಮನ್‌ಪ್ರೀತ್.

ಇಷ್ಟಾದರೂ ಆ ಗೋಲು ಒಬ್ಬನದಲ್ಲ. ನನ್ನ ತಕರಾರು ಇದೇ. ಚೆಂಡು ಹೊರಡುವುದು ಗೋಲಿನ ಹತ್ತಿರದ ಕಂಬದಿಂದ ಕನಿಷ್ಠ 10 ಮೀಟರ್ ಆಚೆ, ಹಿಂಗೆರೆಯ ಮೇಲಿಂದ. ಅಲ್ಲಿಂದ ತಳ್ಳುವವನ ಒಂದು ಕಾಲಾದರೂ ಮೈದಾನದ ಹೊರಗಿರಬೇಕು, ತಳ್ಳಿದ ಹಾಗೆ ನಟಿಸುವಂತಿಲ್ಲ. ಚೆಂಡನ್ನು ಬೇಕಂತಲೇ ಮೇಲಕ್ಕೆ ಎತ್ತುವಂತಿಲ್ಲ, ಅದು 14.63 ಮೀಟರ್ ತ್ರಿಜ್ಯದ ವೃತ್ತ ದಾಟಬೇಕು. ದಾಟದೆ ಗೋಲಿಗೆ ಹೊಡೆದರೆ ಲೆಕ್ಕಕ್ಕಿಲ್ಲ. ವೃತ್ತದ ತುದಿಯಲ್ಲಿ ಇನ್ನೊಬ್ಬ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಅದನ್ನು ಸತ್ತ ಹಾಗೆ ನಿಲ್ಲಿಸುತ್ತಾನೆ. ಆಮೇಲೆ ಫ್ಲಿಕ್ಕರ್: ಚೆಂಡನ್ನು ಬಲಗಾಲಿನ ಹತ್ತಿರ ಸ್ಟಿಕ್ಕಿನ ಬುಡಕ್ಕೆ ಸಿಕ್ಕಿಸಿ, ಎಡಗಾಲು ಉದ್ದಕ್ಕೆ ಚಾಚಿ ಊರಿ, ಎಳೆದು, ಮೊದಲು ಸೊಂಟ, ಆಮೇಲೆ ಭುಜ, ಕಟ್ಟಕಡೆಗೆ ಮಣಿಕಟ್ಟು. ಸೊಂಟಕ್ಕಿಂತ ಮೊದಲು ಕೈ ಓಡಿತೋ, ಚೆಂಡಿಗೆ ಬಲವೇ ಬರಲ್ಲ.

ಕೆಡುವುದು ಬಹುಪಾಲು ಅದಕ್ಕೂ ಮುಂಚೆಯೇ. ತಳ್ಳಿದ ಚೆಂಡು ಒಂದು ಸಲ ಪುಟಿದರೂ ನಿಲ್ಲಿಸುವವನ ಸ್ಟಿಕ್ ಮೇಲಿಂದ ಜಾರುತ್ತೆ. ಗೇಣು ಆಚೀಚೆ ನಿಂತರೆ ಫ್ಲಿಕ್ಕರ್ ಹೆಜ್ಜೆ ಬದಲಿಸಬೇಕು, ಅಷ್ಟರೊಳಗೆ ಎದುರಾಳಿ ಎದೆಯ ಮುಂದೆ. ಕಾಪಾಡುವ ಕಡೆ ಗೆರೆಯ ಹಿಂದೆ ಇರುವುದು ಗೋಲ್‌ಕೀಪರ್ ಸೇರಿ ಐದೇ ಜನ, ಉಳಿದವರು ಮಧ್ಯಗೆರೆಯ ಆಚೆ. ಆ ಐವರಲ್ಲಿ ಒಬ್ಬ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಚೆಂಡು ಬರುವ ದಾರಿಯಲ್ಲೇ ಓಡುತ್ತಾನೆ. ಅವನೇ ಫಸ್ಟ್ ರಶರ್. ಬೇರೆ ಯಾರಾದರೂ ಇದನ್ನು ಕೆಲಸ ಅನ್ನುತ್ತಾರಾ!

ಇವರು ಕೂಡಲೇ ಗೋಲ್‌ಕೀಪರ್ ಶ್ರೀಜೇಶ್ ಹೆಸರು ತೆಗೆದರು. 2021ರ ಆಗಸ್ಟ್ 5, ಟೋಕಿಯೊ ಒಲಿಂಪಿಕ್ಸ್, ಜರ್ಮನಿ ಮೇಲೆ 5–4, ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್ ತಡೆದದ್ದು, 41 ವರ್ಷದ ಮೇಲೆ ಪದಕ ಬಂದದ್ದು. ಒಪ್ಪಿದೆ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಹೇಳಿ ಅಂದೆ. ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ಫಸ್ಟ್ ರಶರ್ ಅಮಿತ್ ರೋಹಿದಾಸ್‌ಗೆ 17ನೇ ನಿಮಿಷಕ್ಕೇ ಕೆಂಪು ಕಾರ್ಡ್. ಹತ್ತೇ ಜನ ಬ್ರಿಟನ್‌ಅನ್ನು 1–1ಕ್ಕೆ ಹಿಡಿದು ಶೂಟೌಟ್‌ನಲ್ಲಿ 4–2 ಗೆದ್ದರು. ಅದು ಶ್ರೀಜೇಶ್ ದಿನ, ಸಂಶಯವಿಲ್ಲ. ನಿಷೇಧದಿಂದ ರೋಹಿದಾಸ್ ಸೆಮಿಫೈನಲ್ ಆಡಲಿಲ್ಲ. ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಿಂದಲೇ ಬಂತು, ನಾವು 2–3ರಿಂದ ಸೋತೆವು. ಅವರಿದ್ದಿದ್ದರೆ ತಡೆದೇಬಿಡುತ್ತಿದ್ದರು ಅಂತಲ್ಲ. ಮೇಲಿನ ಸಾಲಿನ ಹೆಸರುಗಳ ಜೊತೆ ಅವರದೂ ಹೇಳಬೇಕು, ಅಷ್ಟೇ.

"ಹಾಗಾದ್ರೆ ಧ್ಯಾನ್ ಚಂದ್?" ಬಿಡುವ ಪೈಕಿ ಅಲ್ಲ ಇವರು. ಹುಲ್ಲಿಗೆ ಅವರೇ ಅಂದೆ, ಟರ್ಫಿಗೆ ಇನ್ನೂ ಜಗಳ ಬಾಕಿ ಇದೆ.

ಭಾನುವಾರ ಜಪಾನ್ ಜೊತೆ. ಮೊದಲ ಪೆನಾಲ್ಟಿ ಕಾರ್ನರ್‌ನಲ್ಲಿ ತಳ್ಳುವವನ ಕೈ, ಎರಡನೆಯದರಲ್ಲಿ ನಿಲ್ಲಿಸುವವನ ಸ್ಟಿಕ್, ಜಪಾನ್‌ಗೆ ಸಿಕ್ಕಾಗ ನಮ್ಮ ಫಸ್ಟ್ ರಶರ್‌ನ ಓಟ ಮಾತ್ರ ನೋಡುವುದು ಅಂತ ಕರಾರಾಗಿದೆ. ಹರ್ಮನ್‌ಪ್ರೀತ್‌ನನ್ನು ರೀಪ್ಲೇಯಲ್ಲಿ ನೋಡಿಕೊಳ್ಳಬಹುದು.