ಖಾಲಿ ಬಿಟ್ಟ ವೃತ್ತಗಳ ಲೆಕ್ಕ

ನೀಟ್ ಮಾಕ್ ಟೆಸ್ಟ್ ಮುಗಿದ ಮಾರನೇ ದಿನ ದ್ವಿತೀಯ ಪಿಯು ತರಗತಿಯಲ್ಲಿ ಪಾಠ ಇರುವುದಿಲ್ಲ. ಪ್ರಶ್ನೆಪತ್ರಿಕೆ ಒಂದು ಕಡೆ, ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯ ಪ್ರತಿ ಇನ್ನೊಂದು ಕಡೆ ಇಟ್ಟುಕೊಂಡು, ಬಿಟ್ಟ ಪ್ರಶ್ನೆಗಳನ್ನಷ್ಟೇ ನೋಡುವುದು ರೂಢಿ. ತಪ್ಪು ಉತ್ತರಗಳ ಸರದಿ ಆಮೇಲೆ. ಕಳೆದ ಚಳಿಗಾಲದ ಅಂಥದ್ದೊಂದು ಬೆಳಿಗ್ಗೆ ಒಬ್ಬ ಹುಡುಗಿಯ ಭೌತಶಾಸ್ತ್ರದ ಪುಟ ಕೈಗೆ ಬಂತು.

ಬ್ಯಾಟರಿಗೆ ಜೋಡಿಸಿದ ಕೆಪಾಸಿಟರ್ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಶಾಖವಾಗಿ ಹೋಗುವ ಶಕ್ತಿ ಎಷ್ಟು ಎಂಬುದು ಪ್ರಶ್ನೆ. ನಾಲ್ಕು ಆಯ್ಕೆಗಳಲ್ಲಿ ಎರಡರ ಏಕಮಾನ ಶಕ್ತಿಯದ್ದಲ್ಲ. ಅವೆರಡನ್ನೂ ಹುಡುಗಿ ಪೆನ್ನಿನಲ್ಲಿ ನೀಟಾಗಿ ಹೊಡೆದುಹಾಕಿದ್ದಳು. ಉಳಿದದ್ದು ಸಿವಿ ವರ್ಗ (CV²) ಮತ್ತು ಅದರ ಅರ್ಧ. ಅರ್ಧದ ಪಕ್ಕ ಸಣ್ಣ ಚುಕ್ಕಿಯನ್ನೂ ಇಟ್ಟಿದ್ದಳು, ಅದೇ ಸರಿಯುತ್ತರ. ಒಎಂಆರ್‌ನಲ್ಲಿ ಮಾತ್ರ ನಾಲ್ಕೂ ವೃತ್ತ ಖಾಲಿ.

"ಯಾಕಮ್ಮ ಬಿಟ್ಟೆ?"

"ಗ್ಯಾರಂಟಿ ಇರ್ಲಿಲ್ಲ ಸರ್. ಮೈನಸ್ ಆಗ್ಬಿಟ್ರೆ?"

ಹಿಂದಿನ ಬೆಂಚಿನ ಹುಡುಗ ನಕ್ಕ: "ಹೋದ್ರೆ ಒಂದು, ಬಂದ್ರೆ ನಾಲ್ಕು ಸರ್!" ಅವನ ಹಾಳೆಯಲ್ಲಿ ಒಂದು ವೃತ್ತವೂ ಖಾಲಿ ಇರಲಿಲ್ಲ. ಹೊಡೆದುಹಾಕಿದ ಆಯ್ಕೆಗಳೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಹುಡುಗನ ಲೆಕ್ಕವೇ ಸರಿ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿ ಬಂದು ಮೂರು ತಪ್ಪಾಗುತ್ತವೆ ಅಂತಿಟ್ಟುಕೊಳ್ಳಿ, ನಿವ್ವಳ 1 ಅಂಕ. ಅಂದರೆ ಪ್ರಶ್ನೆಗೆ ಸರಾಸರಿ ಕಾಲು. ಒಂದು ಆಯ್ಕೆ ಹೊಡೆದುಹಾಕಿದರೆ ಸರಾಸರಿ 0.67ಕ್ಕೆ ಏರುತ್ತದೆ, ಎರಡು ಹೊಡೆದರೆ 1.5ಕ್ಕೆ. ಎರಡು ಆಯ್ಕೆ ಉಳಿದಿರುವ 20 ಪ್ರಶ್ನೆಗಳನ್ನು ಖಾಲಿ ಬಿಟ್ಟವರು ಸರಾಸರಿ 30 ಅಂಕ ಮೇಜಿನ ಮೇಲೆ ಬಿಟ್ಟು ಎದ್ದಂತೆ. ಸರ್ಕಾರಿ ಸೀಟಿನ ರ‍್ಯಾಂಕ್‌ಪಟ್ಟಿಯಲ್ಲಿ 30 ಅಂಕ ಅಂದರೇನು ಅಂತ ಕೌನ್ಸೆಲಿಂಗ್ ಕಂಡವರಿಗೆ ಹೇಳಬೇಕಿಲ್ಲ.

ಇದೇ ಮಕ್ಕಳು ಸಿಇಟಿ ಮಾಕ್ ಬರೆದಾಗ ಖಾಲಿ ವೃತ್ತ ಕಾಣಿಸುವುದೇ ಇಲ್ಲ. ಅಲ್ಲಿ ವಿಷಯಕ್ಕೆ 60 ಪ್ರಶ್ನೆ, ತಪ್ಪಿಗೆ ಕಡಿತವಿಲ್ಲ. ಅರ್ಥಶಾಸ್ತ್ರಜ್ಞೆ ಕ್ಯಾಥರೀನ್ ಬಾಲ್ಡಿಗಾ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಗಿತ್ತು: ದಂಡವಿಲ್ಲದಾಗ ಎಲ್ಲರೂ ಎಲ್ಲ ಪ್ರಶ್ನೆಗೂ ಉತ್ತರಿಸಿದರು, ಸಣ್ಣ ದಂಡ ಇಟ್ಟ ಕೂಡಲೇ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಬಿಟ್ಟರು, ವಿಷಯಜ್ಞಾನ ಸಮನಾಗಿದ್ದರೂ. ಚಿಲಿ ದೇಶ ತನ್ನ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಈ ದಂಡವನ್ನು ತೆಗೆದ ಮೇಲೆ ಪ್ರಶ್ನೆ ಬಿಡುವುದರಲ್ಲಿದ್ದ ಗಂಡು-ಹೆಣ್ಣಿನ ಅಂತರ ಬಹುಪಾಲು ಕರಗಿತು. ಅಮೆರಿಕದ ಎಸ್‌ಎಟಿ ಕೂಡ 2016ರಲ್ಲಿ ಕಡಿತವನ್ನು ಕೈಬಿಟ್ಟಿದೆ.

ಹಾಗಂತ ಇದನ್ನು "ಹೆಣ್ಣಿನ ಸ್ವಭಾವ" ಎಂದು ಕಟ್ಟಿಹಾಕುವುದಕ್ಕಾಗದು. ಮೇಘಾಲಯದ ಖಾಸಿಗಳಲ್ಲಿ ಆಸ್ತಿ ತಾಯಿಯಿಂದ ಕಿರಿಮಗಳಿಗೆ ಹೋಗುತ್ತದೆ. ಅಲ್ಲಿ ಸಂಶೋಧಕರು ಮೂರು ಮೀಟರ್ ದೂರದ ಬಕೆಟ್‌ಗೆ ಟೆನಿಸ್ ಚೆಂಡು ಎಸೆಯುವ ಆಟ ಆಡಿಸಿ, ಪ್ರತಿ ಗುರಿಗೆ ಇಷ್ಟು ದುಡ್ಡೋ, ಎದುರಾಳಿಯನ್ನು ಸೋಲಿಸಿದರೆ ಮಾತ್ರ ಸಿಗುವ ಮೂರುಪಟ್ಟೋ ಎಂದು ಕೇಳಿದಾಗ ಸ್ಪರ್ಧೆಯನ್ನು ಆರಿಸಿಕೊಂಡವರು ಹೆಂಗಸರಲ್ಲೇ ಹೆಚ್ಚು: 54%, ಗಂಡಸರು 39%. ಗಂಡಸರದೇ ಯಜಮಾನಿಕೆ ಇರುವ ತಾಂಜಾನಿಯಾದ ಮಸಾಯಿಗಳಲ್ಲಿ ಉಲ್ಟಾ: ಗಂಡಸರು 50%, ಹೆಂಗಸರು 26%. ನಮ್ಮ ಮನೆಗಳಲ್ಲಿ ಹುಡುಗ ಮಾರ್ಕ್ಸ್ ಕಳೆದುಕೊಂಡರೆ "ಮುಂದಿನ ಸಲ ನೋಡ್ಕೊಳ್ಳೋಣ ಬಿಡೋ" ಎನ್ನುವವರು ಹುಡುಗಿಗೆ ಏನು ಹೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಆ ದಿನ ಮಾಡಿಸಿದ್ದು ಇಷ್ಟು. ಬಿಟ್ಟ ಪ್ರಶ್ನೆಗಳನ್ನು ಮೂರು ಗುಂಪು ಮಾಡಬೇಕು: ಏನೂ ಹೊಳೆಯದ್ದು, ಒಂದು ಆಯ್ಕೆ ಹೊಡೆದದ್ದು, ಎರಡು ಹೊಡೆದದ್ದು. ಪುಸ್ತಕ, ಕೀ ಉತ್ತರ ಯಾವುದನ್ನೂ ನೋಡದೆ ಆಗಲೇ ಕೆಂಪು ಶಾಯಿಯಲ್ಲಿ ಉತ್ತರ ಹಾಕಬೇಕು. ನಂತರ ಗುಂಪುವಾರು ಅಂಕ. ಒಟ್ಟಿಗೆ ಕೂಡಿದರೆ ಉಪಯೋಗವಿಲ್ಲ, ಮೂರನೇ ಗುಂಪಿನ ಲಾಭ ಮೊದಲನೆಯದರಲ್ಲಿ ಮುಚ್ಚಿಹೋಗುತ್ತದೆ. ಒಂದು ಸರಿಯುತ್ತರದ 4 ಅಂಕ ನಾಲ್ಕು ತಪ್ಪಿನ ಕಡಿತಕ್ಕೆ ಸಮ, ಹಾಗಾಗಿ ಸರಿಯಾದದ್ದು ಐದರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಆ ಗುಂಪು ಲಾಭದಲ್ಲಿದೆ. ಹುಡುಗಿಯ ಮೂರನೇ ಗುಂಪು ಅರ್ಧಕ್ಕೂ ಮೇಲೆ ಸರಿ ಬಂತು. ಹಾಳೆಯನ್ನೇ ನೋಡುತ್ತಾ ಕೂತಳು. ಎಷ್ಟು ಸಲ "ಧೈರ್ಯ ಮಾಡಮ್ಮ" ಅಂದರೂ ಆಗದ್ದು ಆ ಕೆಂಪು ಅಂಕೆಗಳಿಂದ ಆಯಿತು.

ಎಡವುವ ಜಾಗವೂ ಇದೆ. ಅರ್ಧಂಬರ್ಧ ನೆನಪಿರುವ ಪ್ರಶ್ನೆಯಲ್ಲಿ ಮನಸ್ಸು ನೇರ ಬಲೆಯ ಆಯ್ಕೆಗೇ ಓಡುತ್ತದೆ. ಅಲ್ಲಿ ಐದರಲ್ಲೊಂದೂ ಸರಿ ಬರದಿರಬಹುದು. ಜೀವಶಾಸ್ತ್ರದ ಹೇಳಿಕೆ-ಕಾರಣ ಪ್ರಶ್ನೆಗಳಲ್ಲಿ ಇದು ಹೆಚ್ಚು. ಹಿಂದಿನ ಬೆಂಚಿನ ಹುಡುಗನ ಹಾಳೆಯಲ್ಲಿ ಋಣಾಂಕ ಬಿದ್ದದ್ದೂ ಬಹುತೇಕ ಅಲ್ಲೇ. ನೀಟ್ ಸೂತ್ರವನ್ನು ಮುಂದೆ ಯುಪಿಎಸ್‌ಸಿಗೆ ಹೊತ್ತೊಯ್ಯುವವರೂ ಜೋಕೆ: ಅಲ್ಲಿ ಕಡಿತ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ, ಕುರುಡು ಊಹೆಯ ಸರಾಸರಿ ಸೊನ್ನೆ. ಕನಿಷ್ಠ ಒಂದು ಆಯ್ಕೆಯನ್ನಾದರೂ ಹೊಡೆದುಹಾಕದೆ ಅಲ್ಲಿ ವೃತ್ತ ತುಂಬಿ ಪ್ರಯೋಜನವಿಲ್ಲ.