ವಾಟ್ಸಾಪ್‌ಗೆ ಕೇಳಿಸದ ಬಡಿತ

ಒಹಾಯೊದ ಹಳ್ಳಿಗಾಡಿನಲ್ಲಿ ನಮ್ಮ ಮನೆ, ಸುತ್ತ ಎರಡು ಎಕರೆ ಹುಲ್ಲು. ಕೊಡಗಿನ ಸುಂಟಿಕೊಪ್ಪದ ನನ್ನ ಸೋದರಮಾವನಿಗೆ ಇದನ್ನು ಹೇಳಿದಾಗ, "ಎರಡು ಎಕರೆ ಇಟ್ಕೊಂಡು ಬರೀ ಹುಲ್ಲು ಬೆಳೀತೀಯೇನೋ?" ಅಂದರು. ಬೆಳೆಯುವುದಷ್ಟೇ ಅಲ್ಲ ಮಾವ, ವಾರಕ್ಕೊಮ್ಮೆ ಕತ್ತರಿಸಿ ಅಲ್ಲೇ ಬಿಡ್ತೀವಿ, ದನಾನೂ ಇಲ್ಲ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಆ ಹುಲ್ಲಿಗಾಗಿಯೇ ಒಂದು ಹಳೇ ಗಾರ್ಡನ್ ಟ್ರ್ಯಾಕ್ಟರ್ ಕೊಂಡಿದ್ದೇನೆ. ನಮ್ಮ ಕಡೆಯ ಟ್ರ್ಯಾಕ್ಟರಿನ ಮರಿಯಂತಿದೆ, ಹೊಟ್ಟೆಯಡಿ ಬ್ಲೇಡು. ಎಂಜಿನ್ ಕೊಹ್ಲರ್ ಕೆ301: ಒಂಟಿ ಸಿಲಿಂಡರ್, 12 ಎಚ್‌ಪಿ, ಹತ್ತಿರ ಹತ್ತಿರ 476 ಸಿಸಿ, ಎರಕದ ಕಬ್ಬಿಣದ ಬ್ಲಾಕು. ವಯಸ್ಸಿನಲ್ಲಿ ನನಗಿಂತ ಹಿರಿದು. ಹೋದ ಜೂನ್‌ನಲ್ಲಿ ಇದು ಬಡಿಯಲು ಶುರುಮಾಡಿತು. ಸುಮ್ಮನೆ ಓಡುವಾಗ ಅಷ್ಟಿಲ್ಲ. ಬ್ಲೇಡು ಹಾಕಿ ಏರು ಹತ್ತಿಸಿದರೆ ಒಳಗೆ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ.

ಇಲ್ಲಿ ರಿಪೇರಿಯವರನ್ನು ಕೇಳಿದೆ. ಬಿಚ್ಚಿ ನೋಡುವ ಕೂಲಿಯೇ ನಾನು ಟ್ರ್ಯಾಕ್ಟರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಬೇರೆ ಎಂಜಿನ್ ಕೂರಿಸಿ ಎಂಬ ಸಲಹೆ ಮಾತ್ರ ಪುಕ್ಕಟೆ ಸಿಕ್ಕಿತು.

ಮಾವ ತೋಟದವರು, ಆದರೆ ಸುತ್ತಮುತ್ತಲ ಪಂಪ್‌ಸೆಟ್ಟುಗಳಿಗೆಲ್ಲ ಅವರೇ ಡಾಕ್ಟರು. ಮಾರ್ಚ್ ಬಂದರೂ ಹೂಮಳೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಯಬೇಕು. ನೀರು ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆ ದಿನಗಳಲ್ಲಿ ರಾತ್ರಿಯಿಡೀ ಡೀಸೆಲ್ ಎಂಜಿನ್ ಓಡುತ್ತಿತ್ತು, ಮಾವ ಜಗಲಿಯಲ್ಲಿ ಮಲಗಿರುತ್ತಿದ್ದರು. ಸದ್ದು ಒಂಚೂರು ಬದಲಾದರೂ ನಿದ್ದೆಯಲ್ಲೇ ಎದ್ದು ಟಾರ್ಚು ಹಿಡಿದು ಕೆರೆ ಕಡೆ ಹೊರಡುವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪಕ್ಕದಲ್ಲಿ ಟಾರ್ಚು ಹಿಡಿಯುವ ಕೆಲಸ ನನ್ನದು. ಟಾರ್ಚು ಹಿಡಿಯುವುದೊಂದನ್ನೇ ಕಲಿತೆ ಅಂತ ಈಗ ಬೇಜಾರಾಗುತ್ತದೆ.

ಬೆಳಿಗ್ಗೆ ಏಳಕ್ಕೆ, ಅವರಿಗೆ ಸಂಜೆ ನಾಲ್ಕೂವರೆ, ವೀಡಿಯೊ ಕಾಲ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡಿದೆ. "ನಿನ್ನ ಮಾತು ಕೇಳ್ತದೆ, ಎಂಜಿನ್ ಎಲ್ಲಿ?" ಅಂದರು. ಫೋನನ್ನು ಬ್ಲಾಕಿನ ಹತ್ತಿರಕ್ಕೆ ಹಿಡಿದೆ, ಆಗಲೂ ಇಲ್ಲ. ಕಾಲ್ ಮಾಡುವಾಗ ಮನುಷ್ಯರ ದನಿ ಬಿಟ್ಟು ಮಿಕ್ಕ ಗಲಾಟೆಯನ್ನೆಲ್ಲ ಫೋನು ಅಳಿಸಿಹಾಕುತ್ತದೆ ಎಂದು ಆಮೇಲೆ ಹೊಳೆಯಿತು. ಮಾವನಿಗೆ ಬೇಕಿದ್ದದ್ದೇ ಆ ಗಲಾಟೆ! ಕೊನೆಗೆ ವೀಡಿಯೊ ತೆಗೆದು ಕಳಿಸಿದೆ. ಅದನ್ನು ನಾಲ್ಕು ಸಲ ಕೇಳಿದರಂತೆ.

"ಬ್ಲೇಡಿನ ಬೆಲ್ಟು ಬಿಚ್ಚಿ ಓಡಿಸು. ಫ್ಲೈವೀಲ್ ನಟ್ಟು ಸಡಿಲ ಇದೆಯಾ ನೋಡು. ಆಮೇಲೆ ಮಾತಾಡುವ."

ಬೆಲ್ಟು ಬಿಚ್ಚಿ ಓಡಿಸಿದರೂ ಸಣ್ಣಗೆ ಬಡಿಯುತ್ತಲೇ ಇತ್ತು. ನಟ್ಟು ಗಟ್ಟಿಯಿತ್ತು. ಮುಂದಿನದು ಟೈಮಿಂಗ್; ಕಿಡಿ ತೀರಾ ಮುಂಚೆ ಹಾರಿದರೂ ಲೋಡಿನಲ್ಲಿ ಬಡಿಯುತ್ತದೆ. ಕಿಡಿಯ ಹೊತ್ತು ನಿಗದಿ ಮಾಡುವ ಪಾಯಿಂಟ್ಸ್‌ನ ಗ್ಯಾಪು 20 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ), ಅಂದರೆ ಅರ್ಧ ಮಿಲಿಮೀಟರು, ಸರಿಯಾಗಿಯೇ ಇತ್ತು. ಒಳಗೆ ಕಟ್ಟಿದ ಮಸಿಯಿಂದಲೂ ಬಡಿಯಬಹುದೆಂದು ಹೆಡ್ ಬಿಚ್ಚಿ ಅಂಗೈ ತುಂಬ ಕಾರ್ಬನ್ ಕೆರೆದೆ, ಹೊಸ ಗ್ಯಾಸ್ಕೆಟ್ ಹಾಕಿ ಓಡಿಸಿದೆ. ಅದೇ ಬಡಿತ. ಜೀಪಿನಲ್ಲಾದರೆ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಬಹುದು, ಯಾವುದನ್ನು ಕಿತ್ತಾಗ ಸದ್ದು ಇಳಿಯುತ್ತದೋ ತಕರಾರು ಆ ಸಿಲಿಂಡರಿನದು. ಒಂಟಿ ಸಿಲಿಂಡರಿನ ಹತ್ತಿರ ಆ ಆಟ ನಡೆಯುವುದಿಲ್ಲ, ಎಂಜಿನ್ನೇ ಬಂದ್.

ಮಾವ ಮತ್ತೆ ಹೆಡ್ ತೆಗೆಸಿದರು. ಪಿಸ್ಟನ್ನನ್ನು ಅರ್ಧಕ್ಕೆ ತಂದು ನಿಲ್ಲಿಸಿ, ಮಗಳಿಗೆ ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿ ಎಂದೆ. ನಾನು ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದೆ. ಫ್ಲೈವೀಲ್ ಒಂದು ಎಳೆಯಷ್ಟು ತಿರುಗಿತು, ಪಿಸ್ಟನ್ ಅಲ್ಲಾಡಲಿಲ್ಲ. ಆಮೇಲೆ 'ಟಿಕ್'. "ಅಪ್ಪಾ, ಬೆರಳಿಗೆ ಬಡೀತು" ಅಂದಳು ಮಗಳು. ಮಾವನಿಗೆ ಹೇಳಿದರೆ, "ಕನೆಕ್ಟಿಂಗ್ ರಾಡು ಕಣೋ, ಬಿಗ್ ಎಂಡಲ್ಲಿ ಪ್ಲೇ ಬಂದಿದೆ" ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ರಾಡಿನ ಕೆಳತುದಿ ಸವೆದು ಸಡಿಲವಾಗಿದೆ ಎಂದರ್ಥ. ನಾಲ್ಕನೇ ಸಲ ಕೇಳುವಾಗಲೇ ಅವರಿಗೆ ಗೊತ್ತಿತ್ತೆಂದು ನನ್ನ ಗುಮಾನಿ. ಮಿಕ್ಕದ್ದನ್ನೆಲ್ಲ ನನ್ನ ಕೈಯಲ್ಲಿ ಮಾಡಿಸಿದ್ದು ನನಗೆ ಬುದ್ಧಿ ಬರಲಿ ಅಂತ ಇರಬೇಕು.

ಆಯಿಲ್ ಇಳಿಸಿ ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದರೆ ಬೆಳ್ಳಿಯ ಪುಡಿ ಕಲಸಿದಂತೆ ಮಿನುಗುತ್ತಿತ್ತು. ಅದು ರಾಡಿನದೇ ಅಲ್ಯೂಮಿನಿಯಂ. ಈ ಎಂಜಿನ್ನಿನಲ್ಲಿ ಬಿಗ್ ಎಂಡಿಗೆ ಬೇರೆ ಬೇರಿಂಗ್ ಚಿಪ್ಪಿಲ್ಲ, ರಾಡಿನ ಅಲ್ಯೂಮಿನಿಯಂ ನೇರವಾಗಿ ಕ್ರ್ಯಾಂಕ್ ಪಿನ್ನಿನ ಮೇಲೆ ಓಡುತ್ತದೆ. ಆಯಿಲ್ ಪಂಪೂ ಇಲ್ಲ. ರಾಡಿನ ತಳದಲ್ಲಿ ಬೆರಳಿನಂಥ ಒಂದು ತುಂಡಿದೆ, ಅದು ಸುತ್ತುಸುತ್ತಿಗೂ ಆಯಿಲಿಗೆ ಅದ್ದಿ ಎರಚಬೇಕು. ಆಯಿಲ್ ಕಡಿಮೆಯಾಗಿ ಗಾಡಿಯೂ ಇಳಿಜಾರಿನಲ್ಲಿ ವಾಲಿದರೆ ಆ ಬೆರಳಿಗೆ ಆಯಿಲ್ ಎಟುಕುವುದಿಲ್ಲ.

"ಹುಲ್ಲು ಹೊಡೆಯೋ ಮುಂಚೆ ಆಯಿಲ್ ನೋಡ್ತಿದ್ಯಾ?"

ಈ ಸಲ ಮಾತು ಬಾರದ್ದು ನನ್ನ ಕಡೆಯಿಂದ.

ಮಿಕ್ಕದ್ದು ಬರೀ ಬೆವರು. ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೆದೆ, ಸುತ್ತಿಗೆ ಮುಟ್ಟಬಾರದೆಂದು ಮಾವನ ಕಟ್ಟಪ್ಪಣೆ. ಪಿನ್ನಿನ ಅಸಲಿ ಅಳತೆ ಒಂದೂವರೆ ಇಂಚು. ನನ್ನದು ಗೀರುಬಿದ್ದು ಅಂಡಾಕಾರವಾಗಿತ್ತು. ನಲವತ್ತು ಮೈಲಿ ದೂರದಲ್ಲಿ ಕ್ರ್ಯಾಂಕ್ ಗ್ರೈಂಡ್ ಮಾಡುವ ಅಜ್ಜನೊಬ್ಬ ಸಿಕ್ಕಿದ. ಅವನ ಶೆಡ್ಡಿನ ಕಬ್ಬಿಣದ ವಾಸನೆ ಥೇಟ್ ಕುಶಾಲನಗರದ ಲೇತ್ ಅಂಗಡಿಯದು. ಅವನು ಪಿನ್ನನ್ನು 10 ಥೌ ಇಳಿಸಿಕೊಟ್ಟ, ನಾನು ಅದಕ್ಕೆ ತಕ್ಕ 10 ಥೌ ಅಂಡರ್‌ಸೈಜ್ ರಾಡು ತರಿಸಿದೆ. ನಡುವೆ ಅಳತೆಯ ಮೇಣದ ಎಳೆಯಿಟ್ಟು ಬಿಗಿದು ಬಿಚ್ಚಿ ನೋಡಿದರೆ ಒಂದೂವರೆ ಥೌ ಸಂದು. ಒಂದರಿಂದ ಎರಡರೊಳಗೆ ಇರಬೇಕಾದದ್ದು. ರಾಡಿನ ಗುರುತು ಕ್ಯಾಪಿನ ಗುರುತಿಗೆ, ಕ್ರ್ಯಾಂಕ್ ಗೇರಿನ ಚುಕ್ಕಿ ಕ್ಯಾಮ್ ಗೇರಿನ ಚುಕ್ಕಿಗೆ ಕೂರಿಸಿ ಎಲ್ಲ ಮುಚ್ಚಿದೆ.

ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಬಡಿತವಿಲ್ಲ. ಮಗಳು ಹಟ್ಟಿಗೆಲ್ಲ ಕೇಳುವಂತೆ ಕೂಗಿದಳು. ಇಲ್ಲಿ ಹಟ್ಟಿಯೂ ಇಲ್ಲ, ಕೇಳುವವರೂ ಇಲ್ಲ. ವೀಡಿಯೊ ತೆಗೆದು ಕಳಿಸಿ, ಭೇಷ್ ಅನ್ನಿಸಿಕೊಳ್ಳಲು ಕಾದು ಕೂತೆ. ಅರ್ಧ ಗಂಟೆಯ ಮೇಲೆ ವಾಯ್ಸ್ ಮೆಸೇಜ್ ಬಂತು, ಹಿಂದೆ ಯಾವುದೋ ಪಂಪ್‌ಸೆಟ್ಟಿನ ಸದ್ದು.

"ರಾಡು ಚೆನ್ನಾಗಿ ಕೂತಿದೆ. ಟ್ಯಾಪೆಟ್ ಒಂದು ಸಡಿಲ ಇದೆ. ಎಕ್ಸಾಸ್ಟ್ ಕಡೇದು ನೋಡು."

ಫೀಲರ್ ಗೇಜು ಹಾಕಿ ನೋಡಿದೆ. ವಾಲ್ವಿಗೂ ಅದನ್ನೆತ್ತುವ ಟ್ಯಾಪೆಟ್ಟಿಗೂ ನಡುವೆ ಇರಬೇಕಾದ ಸಂದು 17ರಿಂದ 20 ಥೌ. ಇದ್ದದ್ದು 24.