ಹಳೇ ಹಾಯಿದೋಣಿ: ರಿಪೇರಿ ಮಾಡಿಸೋದಾ, ಬದಲಾಯಿಸೋದಾ?

ಸಿಯಾಟಲ್‌ನಲ್ಲಿ ನಮ್ಮದೊಂದು ಹಾಯಿದೋಣಿ ಇದೆ ಅಂದರೆ ಬೆಂಗಳೂರಿನ ನೆಂಟರು ಮೊದಲು ಕೇಳುವುದು ಬೆಲೆ. ಹೇಳಿದ ಮೇಲೆ ಅವರಿಗೆ ಸ್ವಲ್ಪ ನಿರಾಸೆಯೇ ಆಗುತ್ತದೆ. ನಲವತ್ತು ವರ್ಷ ಹಳೆಯ, 30 ಅಡಿ ಉದ್ದದ ಈ ದೋಣಿಗೆ ನಾವು ಕೊಟ್ಟಿದ್ದು 9,000 ಡಾಲರ್. ಅಲ್ಲಿ ಒಂದು ಸುಮಾರಾದ ಸೆಕೆಂಡ್ ಹ್ಯಾಂಡ್ ಕಾರಿಗೂ ಅದಕ್ಕಿಂತ ಜಾಸ್ತಿ ಆಗುತ್ತದೆ. ಇದು ಶ್ರೀಮಂತರ ಆಟ ಅನ್ನುವ ಮಾತು ಹೊಸ ದೋಣಿಯ ವಿಷಯದಲ್ಲಿ ನಿಜ. ನಮ್ಮ ಪಕ್ಕದ ಹಳೇ ದೋಣಿಗಳ ಮಾಲೀಕರು ಯಾರು ಅಂದರೆ ಒಬ್ಬರು ಸ್ಕೂಲ್ ಮೇಷ್ಟರು, ಇನ್ನೊಬ್ಬರು ನರ್ಸು.

ಇಷ್ಟು ಅಗ್ಗ ಯಾಕೆ ಅಂದರೆ, ಫೈಬರ್‌ಗ್ಲಾಸ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. 1959ರಲ್ಲಿ ನ್ಯೂಯಾರ್ಕ್‌ನ ದೋಣಿ ಪ್ರದರ್ಶನಕ್ಕೆ ಪಿಯರ್ಸನ್ ಟ್ರೈಟನ್ ಅನ್ನುವ 28 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ ಬಂತು. ಅಲ್ಲಿಂದ ಮುಂದೆ ಮೂವತ್ತು ವರ್ಷ ಅಮೆರಿಕದಲ್ಲಿ ದೋಣಿಗಳನ್ನು ಅಚ್ಚಿನಿಂದ ತೆಗೆದು ತೆಗೆದು ಹಾಕಿದರು. ಕ್ಯಾಟಲಿನಾ 30 ಅನ್ನುವ ಒಂದೇ ಮಾದರಿಯಲ್ಲಿ ಆರು ಸಾವಿರಕ್ಕೂ ಜಾಸ್ತಿ ತಯಾರಾದವು. ಮರದ್ದಾಗಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ಕೊಳೆತು ಹೋಗಿರುತ್ತಿದ್ದವು. ಇವು ಹೋಗಲಿಲ್ಲ. ದೋಣಿ ಗಟ್ಟಿಯಾಗಿಯೇ ಉಳಿದು ಮಾಲೀಕರಿಗೆ ವಯಸ್ಸಾಯಿತು. ಗುಜರಿಗೆ ಹಾಕೋಣ ಅಂದರೆ ಫೈಬರ್‌ಗ್ಲಾಸಿಗೆ ಮೂರು ಕಾಸೂ ಹುಟ್ಟುವುದಿಲ್ಲ. ಒಡೆಸುವುದಕ್ಕೆ ನಾವೇ ಕೈಯಿಂದ ಕೊಡಬೇಕು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಸರ್ಕಾರ 2002ರಿಂದ, ಜನ ಬಿಟ್ಟು ಹೋದ ದೋಣಿಗಳನ್ನು ಎತ್ತಿಸುವುದಕ್ಕೆಂದೇ ಒಂದು ಕಾರ್ಯಕ್ರಮ ನಡೆಸುತ್ತಿದೆ.

ಕೊಳ್ಳುವಾಗ ಅಗ್ಗ, ಸರಿ. ಆಮೇಲಿನದು ಬೇರೆ ಕಥೆ.

ಹೋದ ಬೇಸಿಗೆಯ ಕೊನೆಗೆ ವಿಮೆಯವರು ದೋಣಿಯ ಸರ್ವೆ ಕೇಳಿದರು. ಹಳೇ ದೋಣಿಗೆ ಹೀಗೆ ಕೇಳುವುದು ಮಾಮೂಲು. ಕ್ರೇನಿನಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿಸಿದೆವು. ಸರ್ವೇಯರ್ ಒಂದು ಪುಟ್ಟ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಅಂಗುಲ ಅಂಗುಲ ಬಡಿಯುತ್ತಾ ಹೋದರು. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಒಳಗೆ ನೀರು ಕುಡಿದ ಕಡೆ ಡಬ್ ಅನ್ನುತ್ತದೆ. ನೀರಿನೊಳಗಿನ ಭಾಗ ಪಾಸಾಯಿತು. ಅಲ್ಲಲ್ಲಿ ಸಣ್ಣ ಗುಳ್ಳೆಗಳಿವೆ, ಚಿಂತೆ ಬೇಡ ಅಂದರು. ಕೀಲ್, ಅಂದರೆ ದೋಣಿ ಮಗುಚದಂತೆ ಅಡಿಯಲ್ಲಿ ಬೋಲ್ಟ್ ಹಾಕಿ ಕೂರಿಸಿದ ಸೀಸದ ಭಾರ, ಅದೂ ಪಾಸು. ಆದರೆ ಮೇಲಿನ ಡೆಕ್‌ನಲ್ಲಿ, ಚೈನ್‌ಪ್ಲೇಟ್‌ಗಳ ಸುತ್ತ ಡಬ್ ಡಬ್.

ಚೈನ್‌ಪ್ಲೇಟ್ ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಯೆಲ್ಲ ಅದರದ್ದೇ. ಹಾಯಿ ಕಟ್ಟುವ ಕಂಬ ತಾನಾಗಿ ನಿಲ್ಲುವುದಿಲ್ಲ. ಸುತ್ತಲಿಂದ ಸ್ಟೀಲ್ ತಂತಿಗಳು ಅದನ್ನು ಬಿಗಿದು ಹಿಡಿದಿರುತ್ತವೆ. ಆ ತಂತಿಗಳ ಕೆಳತುದಿ ಸೇರುವುದು ಡೆಕ್ ತೂರಿ ಒಳಗಿಳಿಯುವ ಸ್ಟೇನ್‌ಲೆಸ್ ಪಟ್ಟಿಗಳಿಗೆ. ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡದು, ಎರಡು ಬೆರಳಗಲ. ಗಾಳಿಯ ಪೂರ್ತಿ ಎಳೆತ ಬೀಳುವುದು ಇವುಗಳ ಮೇಲೆ. ಒಂದು ತುಂಡಾದರೆ ಕಂಬವೇ ಮುರಿದು ನೀರಿಗೆ.

ಡೆಕ್ ಒದ್ದೆಯಾಗಿದ್ದು ಹೇಗೆ ಅಂದರೆ ಸಿಯಾಟಲ್ ಮಳೆ. ವಿಚಿತ್ರ ಅಂದರೆ ಅಲ್ಲಿಗೂ ಬೆಂಗಳೂರಿಗೂ ವರ್ಷದ ಮಳೆ ಹೆಚ್ಚೂಕಮ್ಮಿ ಒಂದೇ, ಸಾವಿರ ಮಿಲಿಮೀಟರಿನ ಆಸುಪಾಸು. ಇಲ್ಲಿ ಅದು ಒಂದು ಸಂಜೆ ಧೋ ಅಂತ ಸುರಿದು ಅಂಡರ್‌ಪಾಸ್ ತುಂಬಿಸಿ, ಮಾರನೇ ದಿನ ಬಿಸಿಲು. ಅಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಿನುಗುತ್ತಲೇ ಇರುತ್ತದೆ. ಯಾವುದೂ ಒಣಗುವುದಿಲ್ಲ. ಡೆಕ್ ಅಂದರೆ ಎರಡು ಪದರ ಫೈಬರ್‌ಗ್ಲಾಸ್, ನಡುವೆ ಹಗುರವಾದ ಬಾಲ್ಸಾ ಮರ. ಪಟ್ಟಿ ತೂರಿದ ಸಂದಿನಿಂದ ನೀರು ಇಳಿದರೆ ಆ ಮರ ಮೆಲ್ಲಗೆ ಕೊಳೆಯುತ್ತದೆ. ಸಮುದ್ರದ ಉಪ್ಪು ನೀರಿಗಿಂತ ಮಳೆಯ ಸಿಹಿನೀರೇ ಮರಕ್ಕೆ ದೊಡ್ಡ ಶತ್ರು.

ದೋಣಿ ರಿಪೇರಿ ಯಾರ್ಡಿನವರು ಕೊಟ್ಟ ಅಂದಾಜು ಹೀಗಿತ್ತು: ತಂತಿಗಳಿಗೆ 6,500 ಡಾಲರ್, ಚೈನ್‌ಪ್ಲೇಟ್ ಮತ್ತು ಡೆಕ್‌ಗೆ 7,000, ಹೊಸ ಹಾಯಿಗಳಿಗೆ 4,500, ಬಣ್ಣ, ಕಿಟಕಿ, ಮೆತ್ತೆ ಎಲ್ಲ ಸೇರಿ 5,000. ಒಟ್ಟು 23,000. ಇಷ್ಟೆಲ್ಲ ಮಾಡಿಸಿದ ಮೇಲೂ ಮಾರಲು ಹೋದರೆ ಹನ್ನೆರಡು ಸಾವಿರ ಬಂದರೆ ಪುಣ್ಯ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ. ಇದೇ ಹೊತ್ತಿಗೆ ನಮ್ಮ ಸಾಲಿನಲ್ಲೇ 2001ರ ಒಂದು 32 ಅಡಿ ದೋಣಿ ಮಾರಾಟಕ್ಕೆ ಬಂತು. 42,000 ಕೇಳುತ್ತಿದ್ದಾರೆ. ಒಳಗೆ ತಲೆ ಬಗ್ಗಿಸದೆ ಓಡಾಡಬಹುದು. ನಾನು ಆಗಲೇ ಅರ್ಧ ಅದರ ಕಡೆ ವಾಲಿದ್ದೆ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಜಯನಗರದ ಚಿಕ್ಕಪ್ಪನ ಮನೆಯಲ್ಲಿ ಇದೇ ಮಾತು. ಅವರ ರಸ್ತೆಯಲ್ಲಿ ಹಳೇ ಮನೆಗಳನ್ನು ಒಂದೊಂದಾಗಿ ಕೆಡವಿ ನಾಲ್ಕಂತಸ್ತು ಎಬ್ಬಿಸುತ್ತಿದ್ದಾರೆ. ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಸಲಹೆ, ಹಳೇದಕ್ಕೆ ದುಡ್ಡು ಸುರಿಯಬೇಡ, ತೆಗೆದು ಹೊಸದು ಮಾಡು. ಬೆಂಗಳೂರಿನ ಮನೆಗೆ ಈ ಲೆಕ್ಕ ಸರಿ. ಗೋಡೆ ಬಿರುಕು ಬಿಟ್ಟರೂ ಕೆಳಗಿನ ಸೈಟಿನ ಬೆಲೆ ಏರುತ್ತಲೇ ಇರುತ್ತದೆ, ಖರ್ಚು ಮಾಡಿದ್ದನ್ನು ನೆಲ ವಾಪಸ್ ಕೊಡುತ್ತದೆ. ದೋಣಿಯ ಕೆಳಗಿರುವುದು ಬಾಡಿಗೆ ನೀರು. ಅದಕ್ಕೇ ತಿಂಗಳಿಗೆ 500 ಡಾಲರ್ ದಾಟುತ್ತದೆ. ಹೊಸದಾಗಲಿ ಹಳೆಯದಾಗಲಿ, ದೋಣಿಗೆ ಹಾಕಿದ ದುಡ್ಡು ಹಾಕಿದ್ದೇ. ಹಾಗಾದರೆ ಯಾವುದು ಲಾಭ ಅಂತ ಕೇಳಿ ಏನು ಪ್ರಯೋಜನ?

ಚಿಕ್ಕಪ್ಪ ಬೇರೆ ಪ್ರಶ್ನೆ ಕೇಳಿದರು. ಅವರು ಎಚ್‌ಎಎಲ್‌ನಲ್ಲಿ ವಿಮಾನಗಳ ಓವರ್‌ಹಾಲ್ ಮಾಡಿ ರಿಟೈರ್ ಆದವರು. ಅಂದಾಜು ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಇದರಲ್ಲಿ ಹೇಳಿ ಕೆಡೋದು ಯಾವುದು, ಹೇಳದೆ ಕೆಡೋದು ಯಾವುದು?”

“ಅಂದ್ರೆ ಹೇಗೆ ಚಿಕ್ಕಪ್ಪ?”

“ನೋಡೋ, ಹಾಯಿ ಹರಿಯೋಕೆ ಮುಂಚೆ ಸವೀತದೆ, ಕಣ್ಣಿಗೆ ಕಾಣತ್ತೆ. ಬಣ್ಣ ಹೋದ್ರೆ ಯಾರೂ ಮುಳುಗಲ್ಲ. ಆ ತಂತಿ, ಆ ಪಟ್ಟಿ? ನಿನ್ನೆ ಸರಿಯಿತ್ತು, ಇವತ್ತು ಪಟ್ ಅಂತು. ವಿಮಾನದಲ್ಲಿ ಅಂಥದ್ದನ್ನ ಕೆಡೋವರೆಗೆ ಕಾಯಲ್ಲ. ವಯಸ್ಸಾಯ್ತಾ, ತೆಗೆದು ಬಿಸಾಕು.”

ದೋಣಿಯ ತಂತಿಗಳಿಗೂ ಇದೇ ನಿಯಮ. ಹತ್ತರಿಂದ ಹದಿನೈದು ವರ್ಷ ಆದ ಮೇಲೆ ಬದಲಾಯಿಸಿ ಅನ್ನುತ್ತಾರೆ ಆ ಕೆಲಸದವರು. ನಮ್ಮ ತಂತಿಗಳ ವಯಸ್ಸಿಗೆ ಕಾಗದಪತ್ರವೇ ಇಲ್ಲ. ಲಾಗ್ ಬುಕ್ ಇಲ್ಲದ ಮೇಲೆ ಅದು ಹಳೆಯದು ಅಂತಲೇ ಲೆಕ್ಕ ಅಂದರು ಚಿಕ್ಕಪ್ಪ.

ಅಕ್ಟೋಬರಿನಲ್ಲೇ ಕಂಬ ಇಳಿಸಿ ಚೈನ್‌ಪ್ಲೇಟ್‌ಗಳನ್ನು ಬಿಚ್ಚಿಸಿದ್ದೆ. ಅಳತೆ ತೋರಿಸಿ ಇಲ್ಲೇ ಹೊಸದು ಮಾಡಿಸಬಹುದೇನೋ ಅಂತ ಏಳನ್ನೂ ಸೂಟ್‌ಕೇಸಿನಲ್ಲಿ ತಂದಿದ್ದೆ. ಮೇಲ್ಭಾಗ ಫಳಫಳ. ಡೆಕ್‌ನೊಳಗೆ ಕೂತಿದ್ದ ಜಾಗದಲ್ಲಿ ಮಾತ್ರ ಕಂದು ಗೆರೆ. ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯಲ್ಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಅದನ್ನು ಕಾಪಾಡುವುದು ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಪೊರೆ ಗೀಚಿಹೋದರೆ ಮತ್ತೆ ಬೆಳೆಯಲು ಆಮ್ಲಜನಕ ಬೇಕು. ಗಾಳಿಯಾಡದ, ಸದಾ ಒದ್ದೆಯಿರುವ ಸಂದಿನಲ್ಲಿ ಅದು ಬೆಳೆಯುವುದಿಲ್ಲ. ಅಲ್ಲಿ ಸಣ್ಣ ಗುಳಿ ಬಿದ್ದು, ಗುಳಿಯಿಂದ ಬಿರುಕು ಶುರುವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು.

ಚಿಕ್ಕಪ್ಪ ನನ್ನನ್ನು ಪೀಣ್ಯದ ಒಂದು ವರ್ಕ್‌ಶಾಪಿಗೆ ಎಳೆದುಕೊಂಡು ಹೋದರು. ಅಲ್ಲಿ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿದರು. ಲೋಹ ಚೆನ್ನಾಗಿ ತೊಳೆದು ಕೆಂಪು ದ್ರವ ಸ್ಪ್ರೇ ಮಾಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಹೊರಗೆ ಬರುತ್ತದೆ. ನಮ್ಮ ಏಳು ಪಟ್ಟಿಗಳಲ್ಲಿ ಎರಡರ ಮೇಲೆ ಬೋಲ್ಟ್ ತೂತಿನ ಪಕ್ಕ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಹೋದ ಜುಲೈನಲ್ಲಿ ಇದೇ ಪಟ್ಟಿಗಳ ಮೇಲೆ ಭಾರ ಹಾಕಿ ಅತ್ತೆಯವರನ್ನು ಸ್ಯಾನ್ ಹುವಾನ್ ದ್ವೀಪಗಳಿಗೆ ಕರೆದುಕೊಂಡು ಹೋಗಿದ್ದೆವು. ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ.

ವರ್ಕ್‌ಶಾಪಿನ ಮಾಲೀಕರು ಪಟ್ಟಿಯನ್ನು ತಿರುಗಿಸಿ ನೋಡಿ, “ಏನ್ ಸಾರ್ ಇದು, ಗೇಟಿಗಾ?” ಅಂದರು. ದೋಣಿಗೆ ಅಂದಾಗ ಹುಡುಗರೆಲ್ಲ ಬಂದು ನಿಂತರು. ಇಲ್ಲಿ ಹೋಟೆಲ್ ಅಡುಗೆಮನೆಗೆಲ್ಲ ಸಾಕಾಗುವುದು 304 ದರ್ಜೆಯ ಸ್ಟೀಲ್. ಉಪ್ಪು ನೀರಿಗೆ ಮಾಲಿಬ್ಡಿನಮ್ ಬೆರೆತ 316 ಬೇಕು. ಔಷಧಿ ಫ್ಯಾಕ್ಟರಿಗಳಿಗೆ ಅದನ್ನೇ ಹಾಕುವುದರಿಂದ ಪೀಣ್ಯದಲ್ಲಿ ಸಿಗುವುದು ಕಷ್ಟವಲ್ಲ. ನಾನು ಕೇಳಿದ್ದು ಮೂರೇ: ತೂತು ಪಂಚ್ ಮಾಡಬೇಡಿ, ಡ್ರಿಲ್ ಮಾಡಿ, ಅಂಚು ಪಾಲಿಷ್ ಆಗಲಿ, ಸ್ಟೀಲಿನ ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಅದರಲ್ಲಿ ಏನೇನು ಬೆರೆತಿದೆ ಅನ್ನುವ ಕಾರ್ಖಾನೆಯ ಪತ್ರ) ಕೊಡಿ, ಸಿಯಾಟಲ್‌ನ ಸರ್ವೇಯರ್‌ಗೆ ಅದು ಬೇಕು. ದಪ್ಪವನ್ನು ಒಂದು ಮಿಲಿಮೀಟರ್ ಜಾಸ್ತಿ ಮಾಡೋಣ ಅಂದರು ಚಿಕ್ಕಪ್ಪ. ಡೆಕ್‌ನ ಸಂದು ಹಿಡಿಸಲ್ಲ ಅಂತ ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ವಾಪಸ್ ಬರುವಾಗ ಅವರು ತೃಷ್ಣಾ ನೆನಪು ತೆಗೆದರು. ನಮ್ಮ ಸೇನೆಯ ಎಂಜಿನಿಯರ್‌ಗಳು 1985ರಲ್ಲಿ ಇಂಗ್ಲೆಂಡಿನಿಂದ ಹೊರಟು ಜಗತ್ತು ಸುತ್ತಿ 1987ರಲ್ಲಿ ಮುಂಬೈ ಮುಟ್ಟಿದ 37 ಅಡಿಯ ಹಾಯಿದೋಣಿ. ಅದೂ ಸೆಕೆಂಡ್ ಹ್ಯಾಂಡೇ. “ಅವರು ಹೊಸ ದೋಣಿ ಬರಲಿ ಅಂತ ಕಾದಿದ್ರಾ?” ಅಂದರು.

ನನ್ನನ್ನು ಪೂರ್ತಿ ಒಪ್ಪಿಸಿದ್ದು ಮಾತ್ರ ಹೆಂಡತಿ. ಆ 32 ಅಡಿಯದರ ಫೋಟೋಗಳನ್ನು ನಾನು ಮತ್ತೆ ತೆರೆದಾಗ ಅವಳು ಕೇಳಿದಳು, “ಅದೂ ಇಪ್ಪತ್ತೈದು ವರ್ಷದ್ದೇ ತಾನೇ? ಅದರ ಪಟ್ಟಿ ಬಿಚ್ಚಿ ಕೆಂಪು ಬಣ್ಣ ಹಚ್ಚಿ ನೋಡಿದ್ದಾರಾ?” ಇಲ್ಲ. ಮಾರಾಟದ ಜಾಹೀರಾತಿನಲ್ಲಿ ಮೆತ್ತೆ ಹೊಸದು, ಬಣ್ಣ ಹೊಸದು ಅಂತ ಇದೆ. ತಂತಿಯ ವಯಸ್ಸಿನ ಮಾತೇ ಇಲ್ಲ. ನಮ್ಮದರ ರೋಗ ನಮಗೆ ಗೊತ್ತು. ಅದರದ್ದು ಗೊತ್ತಾಗಲು ಮೊದಲು 42,000 ಕೊಡಬೇಕು, ಆಮೇಲೆ ಇದೇ ಖರ್ಚಿನ ಪಟ್ಟಿ ಮತ್ತೆ ಶುರು. ಮಾಲೀಕರು ಇಂಥ ಕೆಲಸವನ್ನೆಲ್ಲ ಮಾಡಿಸಿ, ರಸೀದಿ ಇಟ್ಟುಕೊಂಡು, ವಯಸ್ಸಾಯಿತು ಅಂತ ಮಾರುವ ದೋಣಿ ಸಿಕ್ಕಿದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಅವರು ಖರ್ಚು ಮಾಡಿದ್ದರಲ್ಲಿ ಅರ್ಧವೂ ಬೆಲೆಯಲ್ಲಿ ಬಂದಿರುವುದಿಲ್ಲ. ಇದು ಅಂಥದ್ದಲ್ಲ. “ಹಳೇ ಗಂಡನ ಪಾದವೇ ಗತಿ” ಅಂತ ಚಿಕ್ಕಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು.

ಇನ್ನೊಂದು ಲೆಕ್ಕವೂ ಇದೆ. ಮಗಳು ಕಾಲೇಜಿಗೆ ಹೋದ ಮೇಲೆ ನಾವಿಬ್ಬರೇ ಇಷ್ಟು ದೊಡ್ಡ ದೋಣಿ ಇಟ್ಟುಕೊಳ್ಳುತ್ತೇವೋ ಇಲ್ಲವೋ. ಐದು ವರ್ಷ ಅಂತ ಹಿಡಿದರೆ ಹಳೇ ಹಾಯಿಯನ್ನೇ ಹೊಲಿಸಿ ತಳ್ಳಬಹುದು. ಡೀಸೆಲ್ ಎಂಜಿನ್ ಚಳಿಯಲ್ಲಿ ಸ್ವಲ್ಪ ಹೊಗೆ ಬಿಡುತ್ತದೆ, ಬಿಡಲಿ. ಬಣ್ಣ, ಮೆತ್ತೆ ಲೆಕ್ಕದಿಂದಲೇ ಹೊರಗೆ. ತಂತಿ, ಪಟ್ಟಿ, ಡೆಕ್, ಜೊತೆಗೆ ದೋಣಿಯ ಅಡಿಯಲ್ಲಿರುವ ನೀರಿನ ವಾಲ್ವ್‌ಗಳು, ಇಷ್ಟು ಮಾತ್ರ. ವಾಲ್ವ್ ಅಂದಾಜಿನಲ್ಲಿ ಇರಲೇ ಇಲ್ಲ, ಚಿಕ್ಕಪ್ಪ ಸೇರಿಸಿದ್ದು. ಅದೂ ಹೇಳದೆ ಕೆಡುವ ಜಾತಿಯೇ.

ಡೆಕ್ ಒಂದೇ ಅನುಮಾನ. ಮೇಲಿನ ಪದರ ಕತ್ತರಿಸಿ ತೆಗೆಯುವವರೆಗೆ ಒಳಗಿನ ಬಾಲ್ಸಾ ಎಷ್ಟು ದೂರ ಕೊಳೆತಿದೆ ಅಂತ ಯಾರೂ ಖಚಿತವಾಗಿ ಹೇಳಲಾರರು. ಅದಕ್ಕೆ ಮೊದಲೇ ಒಂದು ಗೆರೆ ಎಳೆದಿದ್ದೇವೆ. ಕಂಬದ ಬುಡದವರೆಗೂ ಕೊಳೆತು ಹೋಗಿದ್ದರೆ ಅಲ್ಲಿಗೇ ನಿಲ್ಲಿಸುವುದು, ಇದ್ದದ್ದು ಇದ್ದ ಹಾಗೆ ಹೇಳಿ ಸಿಕ್ಕ ಬೆಲೆಗೆ ಮಾರುವುದು. ಆಗ 32 ಅಡಿಯದನ್ನು ನೋಡೋಣ, ಅದರ ಪಟ್ಟಿಗಳನ್ನು ಬಿಚ್ಚಿ ತೋರಿಸಲು ಒಪ್ಪಿದರೆ.

ಡೆಕ್ ಕತ್ತರಿಸುವುದು ಮಾರ್ಚ್‌ನಲ್ಲಿ. ಅಲ್ಲಿವರೆಗೆ ಅದೆಲ್ಲಿ ಇರತ್ತೆ, ಮಾರಾಟವಾಗಿರತ್ತೆ ಅನ್ನುತ್ತಾಳೆ ಹೆಂಡತಿ. ಆ ಜಿನುಗು ಮಳೆಯಲ್ಲಿ ದೋಣಿ ನೋಡಲು ಯಾರು ಬರುತ್ತಾರೆ ಅನ್ನುತ್ತೇನೆ ನಾನು.